ಉಡಿ ಅಕ್ಕಿ ಗಡಿ ದಾಟುವುದಿಲ್ಲ, ಪಾವು ದಾಟುತ್ತದೆ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ನಮ್ಮ ಯಜಮಾನರಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಇನ್ನೆರಡು ತಿಂಗಳಲ್ಲಿ ಎಂಟು ಮತ್ತು ಮೂರು ವರ್ಷದ ಮಕ್ಕಳೊಂದಿಗೆ ಹೊರಡುತ್ತೇವೆ. ನಮ್ಮ ಅತ್ತೆಯವರ ತವರು ಚಳ್ಳಕೆರೆ ತಾಲ್ಲೂಕು. ಮನೆತನದ ಗುರುತು ಮಕ್ಕಳಿಗೆ ತಪ್ಪಬಾರದೆಂದು ಅವರು ಒಂದು ಪಟ್ಟಿಯನ್ನೇ ಮಾಡಿಕೊಟ್ಟಿದ್ದಾರೆ: ಅವರ ಅತ್ತೆಯ ಮೊಳಕಾಲ್ಮೂರು ಸೀರೆ, ಕರಿ ಕಂಬಳಿ, ಕೌದಿ, ವೀರಭದ್ರನ ಹಿತ್ತಾಳೆ ಫಲಕ, ಓಲೆಗರಿಯ ಕಟ್ಟು, ನವಿಲುಗರಿಯ ಬೀಸಣಿಗೆ, ತೀರಿಕೊಂಡ ಮಾವನವರ ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ, ಶಾವಿಗೆ ಮಣೆ, ಪಡ್ಡಿನ ಹಂಚು, ಹಿತ್ತಾಳೆಯ ಪಾವು, ಫೋಟೊಗಳು. ಹೊರಡುವ ದಿನ ಉಡಿ ತುಂಬುತ್ತೇನೆ, ಆ ಅಕ್ಕಿಯಿಂದಲೇ ಅಲ್ಲಿ ಮೊದಲ ಅಡುಗೆಯಾಗಬೇಕು ಎಂದಿದ್ದಾರೆ. ಯಜಮಾನರು ಎಲ್ಲವೂ ಅಲ್ಲಿಯೇ ಸಿಗುತ್ತದೆ, ಬಟ್ಟೆ ಸಾಕು ಎನ್ನುತ್ತಾರೆ. ಇಬ್ಬರ ನಡುವೆ ನನಗೆ ದಾರಿ ತೋರಿಸಿ.

ಉತ್ತರ: ನಿಮ್ಮ ಅತ್ತೆಯವರ ಪಟ್ಟಿಯನ್ನು ಎರಡು ಸಲ ಓದಿದೆ. ಹಳೆಯ ವಸ್ತುಗಳ ಸಂರಕ್ಷಣೆಯಲ್ಲೇ ಕೆಲಸ ಮಾಡಿದ ನನಗೆ ಇಂಥ ಪಟ್ಟಿಗಳು ಹೊಸತಲ್ಲ. ಆದರೆ ಸಾಮಾನ್ಯವಾಗಿ ಅವುಗಳಲ್ಲಿ ಬೆಲೆಬಾಳುವ ವಸ್ತುಗಳೇ ಮೇಲಿರುತ್ತವೆ. ಪಾವು ಮತ್ತು ಪಡ್ಡಿನ ಹಂಚನ್ನು ಮರೆಯದೆ ಬರೆದ ಹಿರಿಯರು ಅಪರೂಪ. ನನ್ನ ಉತ್ತರ ಅವರ ಪರವಾಗಿಯೂ ಇಲ್ಲ, ನಿಮ್ಮ ಯಜಮಾನರ ಪರವಾಗಿಯೂ ಇಲ್ಲ. ಪಟ್ಟಿಯಲ್ಲಿ ಅರ್ಧದಷ್ಟನ್ನು ಒಯ್ಯಬಹುದು, ಮೂರನ್ನು ಕಾನೂನು ಬಿಡುವುದಿಲ್ಲ ಅಥವಾ ಸುಲಭವಾಗಿ ಬಿಡುವುದಿಲ್ಲ, ಉಳಿದವು ಇಲ್ಲಿದ್ದರೇ ಕ್ಷೇಮ.

ಪಾವಿನಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ನನಗೆ ಈ ವಿಷಯವನ್ನು ಕಲಿಸಿದ್ದು ಅದೇ. ನನ್ನ ತಂಗಿ ಮದುವೆಯಾಗಿ ಅಮೆರಿಕಕ್ಕೆ ಹೋದಾಗ ನಮ್ಮ ತಾಯಿ ಅವಳ ಜೊತೆ ಕಂಚಿನ ತಟ್ಟೆ, ಚೊಂಬು, ದೀಪದ ಕಂಬಗಳ ಒಂದು ಭಾರಿ ಪೆಟ್ಟಿಗೆಯನ್ನು ಕಳಿಸಿದರು. ಹನ್ನೊಂದು ವರ್ಷಗಳ ನಂತರ ನಾನು ಅಲ್ಲಿಗೆ ಹೋದಾಗ ಆ ಪೆಟ್ಟಿಗೆ ಕಾರು ನಿಲ್ಲಿಸುವ ಜಾಗದಲ್ಲಿ, ಕಟ್ಟಿದ ಹಗ್ಗವನ್ನೂ ಬಿಚ್ಚದೆ ಕುಳಿತಿತ್ತು. ಆದರೆ ಬಟ್ಟೆಯ ಸಂದಿಯಲ್ಲಿ ಯಾರೋ ತುರುಕಿದ್ದ ಒಂದು ಹಿತ್ತಾಳೆ ಪಾವು ಅವಳ ಅಕ್ಕಿ ಡಬ್ಬಿಯೊಳಗೆ ಇತ್ತು. ಅಲ್ಲಿಯೇ ಹುಟ್ಟಿ ಬೆಳೆದ ಅವಳ ಮಗ ನನ್ನ ಮುಂದೆ ‘ಮಾಮ ಊಟಕ್ಕಿದ್ದಾರೆ, ಒಂದೂವರೆ ಪಾವು ಹಾಕಲೇ’ ಎಂದು ತಾಯಿಯನ್ನು ಕೇಳಿದ. ಆ ಹುಡುಗನಿಗೆ ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು ಎಂಬುದು ಗೊತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಕ್ರಮೇಣ ಅಂಗಡಿಗಳಿಂದ ಹೊರಬಿದ್ದ ಅಳತೆಯೊಂದು ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಸಲ ಕೆಲಸ ಮಾಡುತ್ತಿತ್ತು.

ಅಂದಿನಿಂದ ನಾನು ಯಾವುದೇ ವಸ್ತುವಿನ ಬಗ್ಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಹೋಗುವ ಮನೆಯಲ್ಲಿ ಇದಕ್ಕೆ ಕೆಲಸವಿದೆಯೇ? ಇದರ ಜೊತೆಗೆ ಮಕ್ಕಳಿಗೆ ಬೇರೆ ದಾರಿಯಿಂದ ಸಿಗದ ಒಂದು ಮಾತು ಹೋಗುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಆ ವಸ್ತು ಪೆಟ್ಟಿಗೆಗೆ ಸೇರಲಿ. ಒಂದಕ್ಕೂ ಇಲ್ಲವಾದರೆ ಅದು ಎಷ್ಟೇ ಹಳೆಯದಾಗಿರಲಿ, ಎಷ್ಟೇ ಪ್ರೀತಿಯದಾಗಿರಲಿ, ದಾವಣಗೆರೆಯ ಮನೆಯಲ್ಲಿಯೇ ಇರಲಿ.

ಈಗ ಕಾನೂನಿನ ಮಾತು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ಶಿಲ್ಪ, ಲೋಹಮೂರ್ತಿ, ಕರಕುಶಲ ವಸ್ತು ಮುಂತಾದವು ಪುರಾವಸ್ತುಗಳಾಗುತ್ತವೆ. ಹಸ್ತಪ್ರತಿಗಳ ವಿಷಯದಲ್ಲಿ ಈ ಮಿತಿ ಇನ್ನೂ ಕಡಿಮೆ. ಸಾಹಿತ್ಯ, ಇತಿಹಾಸ, ಶಾಸ್ತ್ರ ಅಥವಾ ಕಲೆಯ ದೃಷ್ಟಿಯಿಂದ ಮೌಲ್ಯವುಳ್ಳ ಪ್ರತಿಗೆ 75 ವರ್ಷವಾಗಿದ್ದರೆ ಸಾಕು. ಇವುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ‘ನಮ್ಮ ಮನೆಯದೇ ಅಲ್ಲವೇ’ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಮನೆಯದೇ ನಿಜ, ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಗಡಿ ದಾಟಿಸಲು ಮಾತ್ರ ಬರುವುದಿಲ್ಲ.

ಹಾಗಾಗಿ ಓಲೆಗರಿಯ ಕಟ್ಟನ್ನು ಒಯ್ಯುವ ಯೋಚನೆಯನ್ನು ಇಂದೇ ಬಿಡಿ. ಅದರಲ್ಲಿ ಏನಿದೆ ಎಂದು ನಿಮ್ಮ ಪತ್ರದಲ್ಲಿಲ್ಲ. ವಚನಗಳಿರಬಹುದು, ವೈದ್ಯವಿರಬಹುದು, ಬರಿಯ ಸಾಲದ ಲೆಕ್ಕವೂ ಇರಬಹುದು. ಲೆಕ್ಕವಾದರೂ ಅಸಡ್ಡೆ ಮಾಡಬೇಡಿ, ಊರಿನ ಇತಿಹಾಸ ಬರೆಯುವವರಿಗೆ ಅದು ವಚನದಷ್ಟೇ ಬೇಕಾದದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. ಎರಡರಲ್ಲಿ ಒಂದನ್ನು ಸಂಪರ್ಕಿಸಿ ಓದಿಸಿರಿ, ಪ್ರತಿ ಗರಿಯ ಎರಡೂ ಬದಿಯ ಚಿತ್ರ ತೆಗೆಸಿರಿ, ಆ ಚಿತ್ರಗಳನ್ನು ನೀವು ಒಯ್ಯಿರಿ. ಕಟ್ಟನ್ನು ಬಿಚ್ಚುವ ಮೊದಲು ಒಂದು ಎಚ್ಚರಿಕೆ: ಒಣಗಿದ ಗರಿ ಬಾಗುವುದಿಲ್ಲ, ಮುರಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವ, ಕೊಬ್ಬರಿ ಎಣ್ಣೆ ಸವರುವ ಕೆಲಸಕ್ಕೆ ದಯವಿಟ್ಟು ಕೈಹಾಕಬೇಡಿ.

ವೀರಭದ್ರನ ಫಲಕದ ವಿಷಯ ಸ್ವಲ್ಪ ಸೂಕ್ಷ್ಮ. ಅದು ನೂರು ವರ್ಷಕ್ಕಿಂತ ಹೊಸದಾಗಿದ್ದರೆ ಒಯ್ಯಲು ಕಾನೂನಿನ ತಡೆಯಿಲ್ಲ. ಆದರೆ ಕಸ್ಟಮ್ಸ್ ಅಧಿಕಾರಿಗೆ ಸವೆದ ಹಿತ್ತಾಳೆಯ ವಯಸ್ಸು ನೋಡಿದ ಕೂಡಲೇ ತಿಳಿಯುವುದಿಲ್ಲ, ಮತ್ತು ಇಂಥ ಫಲಕಗಳಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಬೇಡಿಕೆ ಇರುವುದರಿಂದ ಅನುಮಾನ ಸಹಜ. ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಇದು ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವುದು ಇದಕ್ಕಿರುವ ದಾರಿ. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಅದಕ್ಕಾಗಿ ಓಡಾಡಬೇಡಿ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದಾಗಲೂ ಎಷ್ಟೋ ಮನೆತನಗಳಲ್ಲಿ ದೇವರು ಹಿರಿಯರ ಜಗಲಿಯಲ್ಲೇ ಉಳಿಯುತ್ತದೆ, ಕಿರಿಯರು ಹಬ್ಬಕ್ಕೆ ಅಲ್ಲಿಗೆ ಬಂದು ಹಣ್ಣುಕಾಯಿ ಮಾಡಿಸುತ್ತಾರೆ. ಮೆಲ್ಬರ್ನ್‌ನ ಮನೆಯನ್ನು ಹಾಗೆಯೇ ಕಿರಿಯರ ಬೇರೆ ಮನೆ ಎಂದುಕೊಳ್ಳಿ. ಅಲ್ಲಿನ ಪೂಜೆಗೆ ಹೊಸದಾಗಿ ಮಾಡಿಸಿದ ಸಣ್ಣ ಮೂರ್ತಿ ಸಾಕು, ಅಂಗಡಿಯ ರಸೀತಿ ಜೊತೆಯಲ್ಲಿರಲಿ.

ನವಿಲುಗರಿಯ ಬೀಸಣಿಗೆ ಒಯ್ಯುವಂತಿಲ್ಲ. ತಾನಾಗಿ ಉದುರಿದ ಗರಿಯನ್ನು ಮನೆಯಲ್ಲಿಡಬಹುದು, ಆದರೆ ದೇಶದ ಹೊರಗೆ ಕಳಿಸುವುದಕ್ಕೆ ನಿಷೇಧವಿದೆ. ಈ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ: ಹಳೆಯ ಒಡವೆಗಳ ಗಂಟಿನಲ್ಲಿ ಮಕ್ಕಳಿಗೆ ಕಟ್ಟುತ್ತಿದ್ದ ಹುಲಿಯುಗುರಿನ ಪದಕವೇನಾದರೂ ಇದೆಯೇ ನೋಡಿಕೊಳ್ಳಿ. ಇದ್ದರೆ ಅದು ಪ್ರಯಾಣದ ಸಮಸ್ಯೆಯಷ್ಟೇ ಅಲ್ಲ, ಮನೆಯಲ್ಲಿಟ್ಟುಕೊಳ್ಳುವುದೇ ಸಮಸ್ಯೆ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಅದನ್ನು ಧರಿಸಿದವರ ಮೇಲೆ ಪ್ರಕರಣಗಳಾದದ್ದು ನಿಮಗೆ ನೆನಪಿರಬಹುದು. ವಕೀಲರನ್ನು ಕೇಳಿ ಅರಣ್ಯ ಇಲಾಖೆಗೆ ತಿಳಿಸುವುದು ಉಚಿತ.

ಇನ್ನು ಅತ್ತೆಯವರ ಮನಸ್ಸಿಗೆ ಹೆಚ್ಚು ಹತ್ತಿರವಾದ ಉಡಿಯ ವಿಷಯ. ಉಡಿಯಲ್ಲಿ ಏನೇನಿರುತ್ತದೆ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ವೀಳ್ಯದೆಲೆ, ಅಡಿಕೆ, ಒಂದು ಖಣ. ಖಣವೊಂದನ್ನು ಬಿಟ್ಟರೆ ಇದರಲ್ಲಿ ಪ್ರತಿಯೊಂದಕ್ಕೂ ದಾರಿಯಲ್ಲಿ ಎಲ್ಲಾದರೂ ತಡೆ ಇದೆ ಎಂದೇ ತಿಳಿಯಿರಿ. ಕೊಬ್ಬರಿಯನ್ನು ವಿಮಾನವೇ ಒಪ್ಪುವುದಿಲ್ಲ. ಒಣಕೊಬ್ಬರಿಯಲ್ಲಿರುವ ಎಣ್ಣೆಯಂಶದಿಂದಾಗಿ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಸೇರಿದೆ. ಹಸಿ ಎಲೆಯನ್ನು ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ಅಧಿಕಾರಿಗಳು ಬಿಡುವುದಿಲ್ಲ. ಅಕ್ಕಿಗಂತೂ ಸ್ಪಷ್ಟವಾದ ನಿಷೇಧವಿದೆ.

ಅಕ್ಕಿಯಲ್ಲೇನು ತಪ್ಪು ಎಂದು ಅತ್ತೆಯವರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಕಾರಣವನ್ನೂ ತಿಳಿಸುತ್ತೇನೆ. ನಮ್ಮ ದೇಶದಲ್ಲಿ ಉಗ್ರಾಣಗಳಿಗೆ ಬೀಳುವ ಖಾಪ್ರಾ ಎಂಬ ಸಣ್ಣ ದುಂಬಿಯಿದೆ. ಅದರ ಮರಿಹುಳು ಚೀಲದ ಹೊಲಿಗೆಯಲ್ಲಿ, ಮರದ ಬಿರುಕಿನಲ್ಲಿ ಆಹಾರವಿಲ್ಲದೆಯೂ ಬಹುಕಾಲ ಬದುಕಬಲ್ಲದು, ಒಮ್ಮೆ ನೆಲೆಯೂರಿದರೆ ತೆಗೆಯುವುದು ಬಹಳ ಕಷ್ಟ. ಗೋಧಿ ರಫ್ತನ್ನು ನೆಚ್ಚಿಕೊಂಡ ಆಸ್ಟ್ರೇಲಿಯಾಕ್ಕೆ ಇದು ದೊಡ್ಡ ಭಯ. ಹಾಗಾಗಿ 2020ರಿಂದ ಅಕ್ಕಿ, ಕಡಲೆ, ಹೆಸರು, ತೊಗರಿ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಶೇಂಗಾ ಇವುಗಳನ್ನು ಪ್ರಯಾಣಿಕರ ಸಾಮಾನಿನಲ್ಲಿ ತರುವುದನ್ನು ನಿಷೇಧಿಸಿದ್ದಾರೆ. ಚಳ್ಳಕೆರೆ ಕಡೆಯ ತವರಿನಿಂದ ಶೇಂಗಾ ಬಂದೇ ಬರುತ್ತದೆ ಎಂದು ನನಗೆ ಗೊತ್ತು, ಅದನ್ನು ಮೊದಲೇ ತಡೆಯಿರಿ. ತಂದದ್ದನ್ನು ಘೋಷಣಾ ಪತ್ರದಲ್ಲಿ ಬರೆದರೆ ಹೆಚ್ಚೆಂದರೆ ಆ ವಸ್ತು ಹೋಗುತ್ತದೆ. ಬರೆಯದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ, ಕೆಲವು ಬಗೆಯ ತಾತ್ಕಾಲಿಕ ವೀಸಾಗಳೇ ರದ್ದಾಗುವ ಅವಕಾಶವೂ ಇದೆ. ಹೊಸ ಕೆಲಸಕ್ಕೆ ಹೋಗುವವರು ಒಂದು ಸೇರು ಅಕ್ಕಿಗಾಗಿ ಇಂಥ ಅಪಾಯ ತಂದುಕೊಳ್ಳಬಾರದು.

ಹಾಗೆಂದು ಉಡಿ ತುಂಬುವುದನ್ನು ಬಿಡಬೇಕೇ? ಖಂಡಿತ ಬೇಡ. ಹೊರಡುವ ದಿನದ ಬದಲು ಎರಡು ದಿನ ಮುಂಚೆ ತುಂಬಿಸಿಕೊಳ್ಳಿ. ಆ ಅಕ್ಕಿಯಿಂದ, ಆ ಕೊಬ್ಬರಿಯಿಂದ ಅತ್ತೆಯವರೇ ಹುಗ್ಗಿ ಮಾಡಲಿ, ಮನೆಯವರೆಲ್ಲ ಕುಳಿತು ಉಣ್ಣಿರಿ. ಖಣವನ್ನು ನೀವು ಒಯ್ಯಿರಿ, ಹೊಲಿಸಿಕೊಳ್ಳಿರಿ. ಮೆಲ್ಬರ್ನ್‌ನಲ್ಲಿ ಕೊಂಡ ಅಕ್ಕಿಯನ್ನು ಅತ್ತೆಯವರ ಪಾವಿನಲ್ಲಿ ಅಳೆದು ಮೊದಲ ಅಡುಗೆ ಮಾಡುವಾಗ ಅವರಿಗೆ ಫೋನಿನಲ್ಲಿ ತೋರಿಸಿ. ಅವರು ಹೇಳಿದ್ದಕ್ಕೆ ಇದು ಪೂರ್ತಿ ಸಮವಲ್ಲ ಎಂಬುದು ನನಗೂ ಗೊತ್ತು.

ಆ ಖಾಪ್ರಾ ದುಂಬಿಯ ಕಾರಣಕ್ಕೇ ಶಾವಿಗೆ ಮಣೆಯನ್ನೂ ಬಿಡಿ ಎನ್ನುತ್ತೇನೆ. ವರ್ಷಗಟ್ಟಲೆ ಹಿಟ್ಟು ಕುಡಿದ ಮರ, ಸಂದುಗೊಂದು, ಬಿರುಕು. ಹುಳುವಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕೇ? ಅದೂ ಅಲ್ಲದೆ ಶಾವಿಗೆ ಹೊಸೆಯುವುದು ಒಬ್ಬರ ಕೆಲಸವಲ್ಲ. ಓಣಿಯ ನಾಲ್ಕು ಹೆಂಗಸರು, ಮಾಳಿಗೆಯ ಬಿಸಿಲು, ಒಣಹಾಕಲು ಕೋಲು ಇವೆಲ್ಲ ಇದ್ದರೆ ಮಾತ್ರ ಅದು ಮಣೆ, ಇಲ್ಲದಿದ್ದರೆ ಗೋಡೆಗೆ ಒರಗಿಸಿದ ಹಲಗೆ.

ಪಡ್ಡಿನ ಹಂಚಿಗೆ ಮೇಲಿನ ಎರಡೂ ಪ್ರಶ್ನೆಗಳಿಗೆ ಹೌದು ಎಂಬ ಉತ್ತರವಿದೆ, ಆದರೆ ಒಂದು ಅಡಚಣೆಯೂ ಇದೆ. ಬೀಡಿನ ಹಂಚಾದರೆ ಇಂಡಕ್ಷನ್ ಒಲೆಗೆ ಲೋಹ ಒಗ್ಗುತ್ತದೆ. ಆದರೆ ಹಳೆಯ ಹಂಚುಗಳ ತಳ ಸಮತಟ್ಟಾಗಿರುವುದಿಲ್ಲ, ಗುಳಿಗಳು ಕೆಳಗೆ ಉಬ್ಬಿರುತ್ತವೆ, ಹಾಗಾಗಿ ಕಾವು ಸರಿಯಾಗಿ ಹತ್ತುವುದಿಲ್ಲ. ಬಾಡಿಗೆ ಮನೆಯಲ್ಲಿ ಗ್ಯಾಸ್ ಒಲೆಯಿದೆಯೇ ಎಂದು ಯಜಮಾನರಿಂದ ಮೊದಲು ವಿಚಾರಿಸಿಕೊಳ್ಳಿ. ಗ್ಯಾಸ್ ಇದ್ದರೆ ಹಂಚನ್ನು ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಮೂರು ತಲೆಮಾರು ಎಣ್ಣೆ ಕುಡಿದ ಹಂಚು ಹೊಸದರಂತೆ ಹಿಟ್ಟನ್ನು ಹಿಡಿದುಕೊಳ್ಳುವುದಿಲ್ಲ, ಮತ್ತು ಅದು ಆಸ್ಟ್ರೇಲಿಯಾದಲ್ಲಿ ದುಡ್ಡಿಗೆ ಸಿಗುವುದಿಲ್ಲ. ಎಲ್ಲವೂ ಅಲ್ಲಿಯೇ ಸಿಗುತ್ತದೆ ಎಂಬ ನಿಮ್ಮ ಯಜಮಾನರ ವಾದಕ್ಕೆ ನನ್ನ ಉತ್ತರ ಇಷ್ಟೇ.

ಕರಿ ಕಂಬಳಿಯನ್ನು ಅವಶ್ಯವಾಗಿ ಒಯ್ಯಿರಿ. ಮೆಲ್ಬರ್ನ್‌ನ ಜೂನ್, ಜುಲೈ ತಿಂಗಳ ಚಳಿಗೆ ಅದು ಗೋಡೆಯ ಅಲಂಕಾರವಾಗದೆ ಹೊದಿಕೆಯೇ ಆಗುತ್ತದೆ. ಚಳ್ಳಕೆರೆ ಸೀಮೆಯ ಕುರುಬರು ದಖನಿ ಕುರಿಯ ಉಣ್ಣೆಯಿಂದ ನೇಯುವ ಈ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಆ ಬಿರುಸು, ಆ ವಾಸನೆ ಗಂಜಿಯದು. ಹೊಲ, ಕುರಿಹಟ್ಟಿ, ಮಳೆ ಇವುಗಳಲ್ಲಿ ಅದು ಗುಣ. ಪೆಟ್ಟಿಗೆಯಲ್ಲಿ ಮಡಿಚಿಟ್ಟಾಗ ಮಾತ್ರ ಗಂಜಿಗೆ ಒಂದು ಹುಳು, ಉಣ್ಣೆಗೆ ಇನ್ನೊಂದು ಹುಳು ಬರುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ತಿಕ್ಕದೆ, ಹಿಂಡದೆ ಎರಡು ಮೂರು ಸಲ ಅದ್ದಿ ತೆಗೆದು, ಹಲಗೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಸ್ವಲ್ಪ ಮೆತ್ತಗಾಗುತ್ತದೆ. ಅತ್ತೆಯವರು ಬೇಸರಪಡಬಹುದು, ಆದರೂ ಮಾಡಿ. ಅಂಚಿನಲ್ಲಿ ಹುಲ್ಲಿನ ಬೀಜ, ಉತ್ತರಾಣಿಯ ಮುಳ್ಳು, ಗೊಬ್ಬರದ ಚೂರು ಒಂದೂ ಉಳಿಯದಂತೆ ಬೆಳಕಿನಲ್ಲಿ ಹಿಡಿದು ನೋಡಿ. ತಪಾಸಣೆಯವರು ಹುಡುಕುವುದು ಅದನ್ನೇ. ಘೋಷಣಾ ಪತ್ರದಲ್ಲಿ ಪ್ರಾಣಿಜನ್ಯ ವಸ್ತು ಎಂದು ನಮೂದಿಸಿ, ಪೆಟ್ಟಿಗೆಯ ಮೇಲ್ಭಾಗದಲ್ಲೇ ಇಡಿ. ಬೇವಿನ ಸೊಪ್ಪನ್ನು ಮಡಿಕೆಯಲ್ಲಿಡುವ ರೂಢಿ ಇಲ್ಲಿಗೆ ಸರಿ, ಈ ಪ್ರಯಾಣಕ್ಕಲ್ಲ.

ಕೌದಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಹಗುರ, ಒಗೆಯಬಹುದು, ಮೂರು ವರ್ಷದ ಮಗುವಿಗೆ ಅಪರಿಚಿತ ಮನೆಯ ಮೊದಲ ರಾತ್ರಿಗಳಲ್ಲಿ ಅದರ ವಾಸನೆ ಗೊತ್ತಿರುತ್ತದೆ. ಹೊರಡುವ ಮುನ್ನ ಅದನ್ನು ನೆಲಕ್ಕೆ ಹಾಸಿ, ಯಾವ ತುಂಡು ಯಾರ ಸೀರೆಯದು, ಯಾವುದು ಯಾರ ಅಂಗಿಯದು ಎಂದು ಅತ್ತೆಯವರು ಬೆರಳಿಟ್ಟು ಹೇಳುವುದನ್ನು ವಿಡಿಯೊ ಮಾಡಿಕೊಳ್ಳಿ. ಪ್ರಶ್ನೆಗಳನ್ನು ದೊಡ್ಡ ಮಗುವೇ ಕೇಳಲಿ. ಅಜ್ಜಿಯರು ಸೊಸೆಗೆ ಹೇಳದ ಎಷ್ಟೋ ಸಂಗತಿಗಳನ್ನು ಮೊಮ್ಮಕ್ಕಳಿಗೆ ಹೇಳುತ್ತಾರೆ.

ಮೊಳಕಾಲ್ಮೂರು ಸೀರೆ ಎರಡು ತಲೆಮಾರು ಹಳೆಯದು ಎಂದಿದ್ದೀರಿ. ಅದನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ಗೆರೆಗಳಲ್ಲಿ ನೂಲು ಜಾರಿದ್ದರೆ, ಜರಿಯ ಬಳಿ ರೇಷ್ಮೆ ಸೀಳಿದ್ದರೆ ಅದು ಉಡುವ ಸೀರೆಯಾಗಿ ಉಳಿದಿಲ್ಲ. ಹಾಗಿದ್ದರೆ ಇಲ್ಲಿಯೇ ಇರಲಿ: ಒಗೆದು ಗಂಜಿ ತೆಗೆದ ಬಿಳಿ ಪಂಚೆಯಲ್ಲಿ ಸುತ್ತಿ, ವರ್ಷಕ್ಕೆ ಮೂರು ನಾಲ್ಕು ಸಲ ಬೇರೆ ಗೆರೆಯಲ್ಲಿ ಮಡಿಸಿ ಇಡಬೇಕು. ಪ್ಲಾಸ್ಟಿಕ್ ಚೀಲ, ನುಸಿಗುಳಿಗೆ ಎರಡೂ ರೇಷ್ಮೆ ಮತ್ತು ಜರಿಯ ಹತ್ತಿರ ಬೇಡ. ಗಟ್ಟಿಯಾಗಿದ್ದರೆ ಒಯ್ದು ದೀಪಾವಳಿಗೊಮ್ಮೆ ಉಟ್ಟುಕೊಳ್ಳಿ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ, ಇಂದಿಗೂ ಅಲ್ಲಿನ ನೇಕಾರರ ಬಳಿ ಹೊಸದನ್ನು ಕೊಳ್ಳಬಹುದು. ಹಳೆಯದನ್ನು ಕತ್ತರಿಸಿ ಮಗಳಿಗೆ ಲಂಗ ಹೊಲಿಸುವ ಆಲೋಚನೆ ಬಂದರೆ ಅದಕ್ಕಿಂತ ಹೊಸದೊಂದನ್ನು ಕೊಳ್ಳುವುದು ಮೇಲು.

ಮಾವನವರ ಬೆಳ್ಳಿ ಕರಡಿಗೆ ಚಿಕ್ಕದು, ಒಯ್ಯಲು ತೊಂದರೆಯಿಲ್ಲ. ಕೈಚೀಲದಲ್ಲಿಡಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ. ಒಡವೆಗಳೊಂದಿಗೆ ಅದರ ಚಿತ್ರವನ್ನೂ ತೆಗೆದು, ಹೊರಡುವಾಗ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಮರಳಿ ತರುವಾಗ ಸುಂಕದ ತಕರಾರು ಬರುವುದಿಲ್ಲ. ವಿಭೂತಿ ಗಟ್ಟಿ ಜೊತೆಗಿದ್ದರೆ ಅದನ್ನು ಘೋಷಿಸಲೇಬೇಕು. ಅದರ ಮೂಲ ಗೋಮಯ, ಮತ್ತು ಕಾಲುಬಾಯಿ ಜ್ವರದ ಭಯದಿಂದ ಸಗಣಿಯ ವಸ್ತುಗಳನ್ನು ಆಸ್ಟ್ರೇಲಿಯಾ, ಅಮೆರಿಕದಂಥ ದೇಶಗಳು ಬಹಳ ಅನುಮಾನದಿಂದ ನೋಡುತ್ತವೆ. 2021ರಲ್ಲಿ ಅಮೆರಿಕದ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ, ಭಾರತದಿಂದ ಬಂದ ಪೆಟ್ಟಿಗೆಯೊಂದರಲ್ಲಿದ್ದ ಎರಡು ಕುಳ್ಳುಗಳನ್ನು ಅಧಿಕಾರಿಗಳು ನಾಶಪಡಿಸಿದ್ದು ಇಲ್ಲಿಯೂ ಸುದ್ದಿಯಾಗಿತ್ತು.

ಫೋಟೊಗಳ ಮೂಲಪ್ರತಿ ಇಲ್ಲಿರಲಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದ ಪ್ರತಿ ನಿಮ್ಮ ಬಳಿ ಇರಲಿ. ಅಂಟಿನ ಹಾಳೆಯ ಅಲ್ಬಮ್ಮುಗಳಿದ್ದರೆ ಆ ಅಂಟೇ ಚಿತ್ರವನ್ನು ತಿನ್ನುತ್ತದೆ, ಸುಲಭವಾಗಿ ಬಿಡುವವುಗಳನ್ನು ಬಿಡಿಸಿ ಲಕೋಟೆಗೆ ಹಾಕಿಡಿ, ಗಟ್ಟಿಯಾಗಿ ಹಿಡಿದವನ್ನು ಕೀಳದೆ ಹಾಗೆಯೇ ಸ್ಕ್ಯಾನ್ ಮಾಡಿಸಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ನೆಂಟಸ್ತಿಕೆ ಬರೆಯಿರಿ, ಪೆನ್ನು ಬೇಡ. ಈ ಕೆಲಸಕ್ಕೆ ಎರಡು ತಿಂಗಳು ಸಾಲದು ಎನ್ನಿಸುತ್ತದೆ, ಇಂದೇ ಪ್ರಾರಂಭಿಸಿ.

ಕೊನೆಯದಾಗಿ ಅತ್ತೆಯವರು. ಬಿಟ್ಟುಹೋಗುವ ವಸ್ತುಗಳನ್ನು ಒಟ್ಟಾಗಿ ಅಟ್ಟಕ್ಕೆ ಏರಿಸಿ ಹೋದರೆ ಅವರ ಪಟ್ಟಿಯನ್ನು ತಿರಸ್ಕರಿಸಿದಂತೆಯೇ ಆಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಸ್ತುವಿಗೂ ಒಂದು ಪುಟ ಮಾಡಿ: ಎಲ್ಲಿಂದ ಬಂತು, ಯಾರು ಬಳಸಿದರು, ಈಗ ಯಾವ ಕಪಾಟಿನಲ್ಲಿದೆ, ನೀವಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ. ಬರೆಯುವುದು ನೀವು, ಹೇಳುವುದು ಅವರು. ಅವರು ಬಳಸುವ ಪದಗಳನ್ನು ತಿದ್ದದೆ ಹಾಗೆಯೇ ಬರೆಯಿರಿ. ಆ ನೋಟ್‌ಬುಕ್ಕು ಅವರ ಬಳಿಯೇ ಉಳಿಯಲಿ, ಪ್ರತಿ ಪುಟದ ಚಿತ್ರ ನಿಮ್ಮ ಫೋನಿನಲ್ಲಿರಲಿ. ಸೀರೆಯ ಪುಟದಲ್ಲಿ ಮಡಿಕೆ ಬದಲಿಸಿದ ದಿನಾಂಕ ಬರೆಯಲು ಜಾಗ ಬಿಡಿ, ಅದನ್ನು ಅವರೇ ತುಂಬುತ್ತಾರೆ.